ಹಳೇಬೀಡಿನ ಬೀಡು ಎಲ್ಲಿ?

(ದಂಡಿಗನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಕೊರಿಯದ ಅರಮನೆ’ ಎಂದು ಅಚ್ಚಾಗಿದೆ. ಅದಕ್ಕೆ ನಾನೇ ಕಾರಣ. ಮಗಳು ದಕ್ಷಿಣ ಕೊರಿಯದ ಸುವಾನ್ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಆರು ವಾರ ಅವಳ ಮನೆಯಲ್ಲಿದ್ದು ಬಂದೆ. ಬಂದವನು ಸುಮ್ಮನಿರದೆ ಸಿಕ್ಕಸಿಕ್ಕವರಿಗೆಲ್ಲ ಸೋಲ್ ನಗರದ ಅರಮನೆಯ ವರ್ಣನೆ ಮಾಡಿದೆ. ‘ಅದನ್ನೇ ಮಾತಾಡಿ ಸಾರ್’ ಎಂದು ಇಲ್ಲಿಯ ಗೆಳೆಯರು ಹಿಡಿದುಕೊಂಡರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಒಂದು ಪೇಚಿಗೆ ಸಿಕ್ಕಿದೆ. ಆ ಅರಮನೆಯ ಅಂಗಳದಲ್ಲಿ ನಿಂತಾಗ ಮಗಳು ಕೇಳಿದ ಪ್ರಶ್ನೆಗೆ ನಾನು ಅಲ್ಲೂ ಉತ್ತರ ಕೊಡಲಿಲ್ಲ, ಊರಿಗೆ ಬಂದ ಮೇಲೂ ಕೊಟ್ಟಿಲ್ಲ. ಅವಳು ಕೇಳಿದ್ದು ಇಷ್ಟೇ: ‘ಅಪ್ಪ, ನಮ್ಮ ಹೊಯ್ಸಳರ ಅರಮನೆ ಎಲ್ಲಿದೆ?’

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವನು ನಾನು. ವಿಷ್ಣುವರ್ಧನ ತಲಕಾಡು ಗೆದ್ದ ವರ್ಷ ಕೇಳಿದರೆ 1116 ಎನ್ನುತ್ತೇನೆ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಕೇಳಿದರೆ 1117 ಎನ್ನುತ್ತೇನೆ. ಆದರೆ ಆ ವಿಷ್ಣುವರ್ಧನ ರಾತ್ರಿ ಮಲಗುತ್ತಿದ್ದದ್ದು ಎಲ್ಲಿ, ಶಾಂತಲೆ ಬೆಳಿಗ್ಗೆ ಎದ್ದು ಯಾವ ಬಾಗಿಲು ತೆರೆಯುತ್ತಿದ್ದಳು, ಅಡುಗೆಮನೆಯ ಹೊಗೆ ಯಾವ ಕಡೆ ಹೋಗುತ್ತಿತ್ತು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆದ್ದರಿಂದ ಇವತ್ತಿನ ಮಾತು ಕೊರಿಯದಿಂದ ಹೊರಟು ಹಳೇಬೀಡಿಗೆ ಬರುತ್ತದೆ. ಪತ್ರಿಕೆ ನೋಡಿ ಕೊರಿಯಕ್ಕಾಗಿಯೇ ಬಂದವರು ಕ್ಷಮಿಸಬೇಕು. ಅದನ್ನೂ ಹೇಳುತ್ತೇನೆ, ಪೂರ್ತಿ ಮೋಸ ಮಾಡುವುದಿಲ್ಲ.

ಮೊದಲು ಆ ಅರಮನೆ. ಅದರ ಹೆಸರು ಗ್ಯೊಂಗ್‌ಬೊಕ್‌ಗುಂಗ್. ‘ಗುಂಗ್’ ಎಂದರೆ ಅರಮನೆ, ಮೊದಲ ಭಾಗಕ್ಕೆ ಮಹಾ ಸೌಭಾಗ್ಯ ಎಂಬಂಥ ಅರ್ಥ. ಯಿ ಸೊಂಗ್‌ಗ್ಯೆ ಎಂಬ ಸೇನಾಪತಿ 1392ರಲ್ಲಿ ಹಳೆಯ ಅರಸುಮನೆತನವನ್ನು ಇಳಿಸಿ ಜೊಸೊನ್ ರಾಜ್ಯ ಕಟ್ಟಿದ. ಎರಡು ವರ್ಷದ ಮೇಲೆ ರಾಜಧಾನಿಯನ್ನು ಈಗಿನ ಸೋಲ್‌ಗೆ ತಂದ, 1395ರಲ್ಲಿ ಅರಮನೆ ಮುಗಿಯಿತು. ನಮ್ಮ ಕಡೆ ಆ ಹೊತ್ತಿಗೆ ಹೊಯ್ಸಳರ ಕಥೆ ಮುಗಿದು, ಹಂಪಿಯಲ್ಲಿ ಸಂಗಮರು ಆಳುತ್ತಿದ್ದರು. ಅರಮನೆಗೂ ಅದರ ಮುಖ್ಯ ಕಟ್ಟಡಗಳಿಗೂ ಹೆಸರಿಟ್ಟವನು ಜೊಂಗ್ ದೋಜೊನ್ ಎಂಬ ಮಂತ್ರಿ. ಮಹಾ ಸೌಭಾಗ್ಯ ಎಂದು ಹೆಸರಿಟ್ಟ ಆ ಮನುಷ್ಯ ಮೂರೇ ವರ್ಷದಲ್ಲಿ, 1398ರಲ್ಲಿ, ರಾಜಕುಮಾರರ ಜಗಳದಲ್ಲಿ ಕೊಲೆಯಾದ.

ಬೆನ್ನಿಗೆ ಬುಗಾಕ್ ಎಂಬ ಬೆಟ್ಟ, ಮುಂದೆ ಹರಿಯುವ ನೀರು. ಅವರ ವಾಸ್ತುವಿನಲ್ಲಿ ಒಳ್ಳೆಯ ಜಾಗವೆಂದರೆ ಅದು. ದಕ್ಷಿಣಕ್ಕೆ ಗ್ವಾಂಗ್‌ಹ್ವಾಮುನ್ ಎಂಬ ಹೆಬ್ಬಾಗಿಲು. ಅಲ್ಲಿಂದ ಉತ್ತರಕ್ಕೆ ನೂಲು ಹಿಡಿದಂತೆ ಒಂದು ಬಾಗಿಲು, ಅಂಗಳ, ಮತ್ತೊಂದು ಬಾಗಿಲು, ಮತ್ತೆ ಅಂಗಳ. ಆಮೇಲೆ ಗುನ್‌ಜೊಂಗ್‌ಜೊನ್ ಎಂಬ ಸಿಂಹಾಸನದ ಚಾವಡಿ. ಎರಡು ಹಂತದ ಕಲ್ಲು ಜಗಲಿಯ ಮೇಲೆ ಮರದ ಕಟ್ಟಡ. ಹೊರಗಿನಿಂದ ಎರಡು ಅಂತಸ್ತು ಕಾಣುತ್ತದೆ, ಒಳಗೆ ಹೋಗಿ ಕತ್ತೆತ್ತಿದರೆ ಒಂದೇ ಎತ್ತರ. ಸಿಂಹಾಸನದ ಹಿಂದೆ ಸೂರ್ಯ, ಚಂದ್ರ, ಐದು ಶಿಖರ ಬರೆದ ತೆರೆ. ಮುಂದಿನ ಅಂಗಳದ ಚಪ್ಪಡಿ ನೆಲದಲ್ಲಿ ಎರಡು ಸಾಲು ಗಿಡ್ಡ ಕಲ್ಲುಗಳನ್ನು ನೆಟ್ಟಿದ್ದಾರೆ. ಒಂದೊಂದು ಕಲ್ಲಿನ ಮೇಲೂ ಒಂದೊಂದು ದರ್ಜೆ ಕೆತ್ತಿದೆ. ಪೂರ್ವಕ್ಕೆ ಆಡಳಿತದವರು, ಪಶ್ಚಿಮಕ್ಕೆ ಸೇನೆಯವರು. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ನೆಲವೇ ಹೇಳುತ್ತದೆ. ನಮ್ಮ ಸಭೆಗಳಲ್ಲೂ ಇಂಥ ಕಲ್ಲು ನೆಟ್ಟಿದ್ದರೆ ವೇದಿಕೆ ಮೇಲಿನ ಕುರ್ಚಿಯ ಗಲಾಟೆ ತಪ್ಪುತ್ತಿತ್ತು. (ನಗು.)

ಅರಸನ ಮಲಗುವ ಮನೆ ಗಾಂಗ್‌ನ್ಯೊಂಗ್‌ಜೊನ್. ಬಹುಪಾಲು ಕಟ್ಟಡಗಳ ಮಾಡಿನ ನೆತ್ತಿಯಲ್ಲಿ ದಪ್ಪನೆಯ ಏಣು ಕಟ್ಟಿರುತ್ತಾರೆ, ಇದಕ್ಕೆ ಇಲ್ಲ. ಆ ಏಣಿಗೆ ಅವರು ಡ್ರ್ಯಾಗನ್ನಿನ ಹೆಸರು ಕೊಟ್ಟಿದ್ದಾರೆ. ಅರಸನೇ ಡ್ರ್ಯಾಗನ್ ಆದ ಮೇಲೆ ಅವನು ಮಲಗಿದ ಮನೆಯ ಮೇಲೆ ಇನ್ನೊಂದು ಇರಬಾರದು ಎಂದು ಅಲ್ಲಿಯ ಜನ ವಿವರಣೆ ಕೊಡುತ್ತಾರೆ. ನೆಲದ ಅಡಿಯಲ್ಲಿ ಹೊಗೆ ಹರಿಯುವ ಕಾಲುವೆಗಳು. ಹೊರಗೆ ಒಲೆಗೆ ಸೌದೆ ಹಾಕಿದರೆ ಕಾವು ನೆಲದ ಕಲ್ಲಿನ ಕೆಳಗೆ ಹಾದು ಆಚೆಯ ಚಿಮಣಿಯಲ್ಲಿ ಹೊರಬೀಳುತ್ತದೆ. ಓಂಡೋಲ್ ಎನ್ನುತ್ತಾರೆ. ಅರಸನೂ ಬೆಚ್ಚಗಿನ ನೆಲದ ಮೇಲೆ ಹಾಸಿಗೆ ಹಾಸಿಕೊಂಡೇ ಮಲಗುತ್ತಿದ್ದ.

ನನ್ನನ್ನು ತಡೆದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ, ಕಂಬ. ಕೆಳಗೆ ಬುಡಗಲ್ಲು, ಅದರ ಮೇಲೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಮಣ್ಣು, ಹೆಂಚು. ಅವರು ಬೋದಿಗೆಯನ್ನು ಪದರ ಪದರವಾಗಿ ಜೋಡಿಸಿ, ಹಸಿರು ಕೆಂಪು ನೀಲಿ ಬಣ್ಣ ಬಳಿದು ಸೂರನ್ನು ಆನೆಯ ಕಿವಿಯ ಹಾಗೆ ಮುಂದಕ್ಕೆ ಚಾಚಿಸಿದ್ದಾರೆ. ಅದನ್ನು ಬಿಟ್ಟರೆ ಇದು ನಮ್ಮ ತಾತನ ತೊಟ್ಟಿಮನೆ! ಕಲ್ಲನ್ನು ನೆಲದಲ್ಲಿ ಬಿಟ್ಟು ಮೇಲೆಲ್ಲ ಮರವನ್ನೇ ನಂಬಿದ ಮನೆ. ಮಗಳ ಪ್ರಶ್ನೆ ಬಂದದ್ದು ಆಗಲೇ. ನನ್ನ ಮನಸ್ಸಿನಲ್ಲಿ ಹೊಯ್ಸಳ ಎಂದರೆ ಬಳಪದ ಕಲ್ಲು. ಆದ್ದರಿಂದ ಅವರ ಅರಮನೆಯನ್ನೂ ನಾನು ಕಲ್ಲಿನಲ್ಲೇ ಹುಡುಕುತ್ತಿದ್ದೆ. ಹುಡುಕುವ ರೀತಿಯೇ ತಪ್ಪಿತ್ತು.

ಈಗ ಹಳೇಬೀಡು. ನಾವೆಲ್ಲ ಬಾಯಿತುಂಬ ಕರೆಯುವ ಈ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಹಳೆಯ ಬೀಡು. ಬೀಡು ಎಂದರೆ ದೇವಸ್ಥಾನವಲ್ಲ. ದಂಡು ‘ಬೀಡು ಬಿಟ್ಟಿತು’ ಅನ್ನುತ್ತೇವಲ್ಲ, ಆ ಬೀಡು. ತುಳುನಾಡಿನಲ್ಲಿ ಇವತ್ತಿಗೂ ಹಳೆಯ ಜೈನ ಅರಸು ಮನೆಗಳನ್ನು ಬೀಡು ಎಂದೇ ಕರೆಯುತ್ತಾರೆ. ಶಾಸನಗಳಲ್ಲಿ ಹೊಯ್ಸಳ ದೊರೆಗಳು ದೋರಸಮುದ್ರದ ‘ನೆಲೆವೀಡಿನಲ್ಲಿ’ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಾರೆ. ನೆಲೆಯಾದ ಬೀಡು ನೆಲೆವೀಡು. ಪಟ್ಟಣದ ಹೆಸರು ದೋರಸಮುದ್ರ, ಅದು ಕೆರೆಯಿಂದ ಬಂತು. ಪಟ್ಟಣ ಹಾಳಾದ ಮೇಲೆ ಜನ ಆ ಜಾಗವನ್ನು ಹಳೆಯ ದೇಗುಲ ಅನ್ನಲಿಲ್ಲ, ಹಳೆಯ ಬೀಡು ಅಂದರು. ಕಣ್ಣೆದುರಿಗೆ ನಿಂತಿದ್ದ ಹೊಯ್ಸಳೇಶ್ವರನನ್ನು ಬಿಟ್ಟು, ಇಲ್ಲವಾಗಿದ್ದ ಅರಮನೆಯನ್ನು ಊರಿನ ಹೆಸರಿನಲ್ಲಿ ಉಳಿಸಿಕೊಂಡರು. ಹೊಯ್ಸಳರ ಅರಮನೆ ಎಲ್ಲಿದೆ ಎಂದು ಇನ್ನೊಮ್ಮೆ ಯಾರಾದರೂ ಕೇಳಿದರೆ ಮೊದಲ ಉತ್ತರ, ಬಸ್ಸಿನ ಬೋರ್ಡಿನ ಮೇಲಿದೆ.

ಎರಡನೆಯ ಉತ್ತರಕ್ಕೆ ಸ್ವಲ್ಪ ನಡೆಯಬೇಕು. ಹೊಯ್ಸಳೇಶ್ವರದ ದಕ್ಷಿಣದ ಬಾಗಿಲಿಗೆ ಬನ್ನಿ, ದೊಡ್ಡ ಗಣಪತಿ ಇರುವ ಕಡೆ. ಪ್ರವಾಸಿಗಳು ಉತ್ತರದಿಂದ ಬಂದು ಉತ್ತರಕ್ಕೇ ಹೋಗಿಬಿಡುತ್ತಾರೆ. ನೀವು ಇಲ್ಲಿ ನಿಂತು ನೈಋತ್ಯಕ್ಕೆ ನೋಡಿ. ಬೆಣ್ಣೆಗುಡ್ಡ ಕಾಣುತ್ತದೆ. ದೇವಾಲಯಕ್ಕೂ ಆ ಗುಡ್ಡಕ್ಕೂ ನಡುವಿನ ನೆಲವೇ ಅರಮನೆಯ ಜಾಗ ಎಂದು ಊರಿನವರೂ ಹೇಳುತ್ತಾ ಬಂದಿದ್ದಾರೆ, ವಿದ್ವಾಂಸರೂ ಅದನ್ನೇ ಹಿಡಿದಿದ್ದಾರೆ. ಅಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳಬೇಡಿ. ನೆಲ ಇದೆ. ಸುತ್ತ ಕೋಟೆಯ ಗೋಡೆಯ ತುಂಡುಗಳಿವೆ. ಸ್ವಲ್ಪ ದೂರದ ಹುಲಿಕೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಸುತ್ತ ಪುಟ್ಟ ಗುಡಿಗಳ ಕಲ್ಯಾಣಿ ಇದೆ. ಗ್ಯೊಂಗ್‌ಬೊಕ್‌ನ ಒಳಗೆ ಕೊಳದ ನಡುವೆ ನಲವತ್ತೆಂಟು ಕಲ್ಲುಕಂಬಗಳ ಮೇಲೆ ಔತಣದ ಮಂಟಪ ನಿಂತಿರುವುದನ್ನು ನೋಡಿ ಬಂದವನಿಗೆ ಹುಲಿಕೆರೆಯ ಮೆಟ್ಟಿಲ ಮೇಲೆ ಕೂತಾಗ ಮೊದಲ ಸಲ, ಅರಸರು ನೀರಿನ ಪಕ್ಕ ಎಷ್ಟು ಹೊತ್ತು ಕಳೆಯುತ್ತಿದ್ದರೋ ಎಂದು ಯೋಚನೆ ಬಂತು.

ಮೂರನೆಯ ಉತ್ತರ ಬೇಲೂರಿನಲ್ಲಿದೆ, ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದು. ಚೆನ್ನಕೇಶವನ ಪೂರ್ವದ ಬಾಗಿಲಿನ ಎರಡೂ ಪಕ್ಕಕ್ಕೆ ಜಾಲಂದ್ರಗಳಿವೆ. ಮೊದಲು ಗೋಡೆ ತೆರೆದೇ ಇತ್ತು, ಜಾಲಂದ್ರಗಳನ್ನು ಕೂರಿಸಿ ಮುಚ್ಚಿಸಿದವನು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳ. ಬಾಗಿಲ ಇಕ್ಕೆಲದ ಜಾಲಂದ್ರದಲ್ಲಿ ದೇವರಿಲ್ಲ, ದರ್ಬಾರಿದೆ. ಒಂದರಲ್ಲಿ ವಿಷ್ಣುವರ್ಧನ, ಇನ್ನೊಂದರಲ್ಲಿ ಮಗ ನರಸಿಂಹ ಎಂದು ಗುರುತಿಸುತ್ತಾರೆ. ನಡುವೆ ದೊರೆ, ಪಕ್ಕದಲ್ಲಿ ರಾಣಿ, ಸುತ್ತ ಗುರುಗಳು, ಅಧಿಕಾರಿಗಳು, ಚಾಮರದವರು. ನಾವು ಮದನಿಕೆಯರನ್ನು ನೋಡಲು ಕತ್ತೆತ್ತಿಕೊಂಡೇ ಒಳಗೆ ನುಗ್ಗುತ್ತೇವೆ, ಕಣ್ಣಿನ ಮಟ್ಟದಲ್ಲಿರುವ ಇದು ತಪ್ಪಿಹೋಗುತ್ತದೆ. ಹೊಯ್ಸಳರ ಅರಮನೆಯ ಒಳಗೆ ತೆಗೆದ ಒಂದೇ ಒಂದು ‘ಫೋಟೊ’ ನಮ್ಮಲ್ಲಿ ಉಳಿದಿದ್ದರೆ ಅದು ಇದೇ. ಸೋಲ್‌ನಲ್ಲಿ ಗಿಡ್ಡ ಕಲ್ಲುಗಳು ಹೇಳುವ ‘ನೀನು ಇಲ್ಲಿ, ನೀನು ಅಲ್ಲಿ’ ಎಂಬ ಮಾತನ್ನು ಇಲ್ಲಿ ಮನುಷ್ಯರ ಗಾತ್ರ ಹೇಳುತ್ತದೆ.

ಅರಮನೆಯ ಮನುಷ್ಯರಂತೂ ನಮ್ಮ ತಾಲ್ಲೂಕಿನಲ್ಲೇ ಸಿಗುತ್ತಾರೆ. ಶ್ರವಣಬೆಳಗೊಳಕ್ಕೆ ಹೋಗಿ. ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ, 1123. ಸವತಿಯರೆಂಬ ಆನೆಗಳಿಗೆ ಮದಗಜ ಎಂಬುದು ಆಕೆಯ ಬಿರುದು. ಅಂತಃಪುರದ ಬಿಸಿ ಅಷ್ಟು ನೇರವಾಗಿ ಕಲ್ಲಿನ ಮೇಲೆ ಬಂದದ್ದು ಬೇರೆಲ್ಲೂ ನನಗೆ ಕಂಡಿಲ್ಲ. ಕೆಳಗೆ ಊರೊಳಗೆ ಭಂಡಾರಿ ಬಸದಿ, 1159. ಕಟ್ಟಿಸಿದವನು ನರಸಿಂಹನ ಭಂಡಾರಿ ಹುಳ್ಳ. ಪಕ್ಕದಲ್ಲೇ ಅಕ್ಕನ ಬಸದಿ, 1181. ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ಕಟ್ಟಿಸಿದ್ದು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಬೊಮ್ಮಣ್ಣ ದಂಡನಾಯಕನದು, 1246. ಅದರ ದಕ್ಷಿಣದ ಗೋಡೆಯ ಮೂರ್ತಿಗಳನ್ನು ಕಡೆದವನು ಬೈಚೋಜ, ಉತ್ತರದ್ದು ಮಲ್ಲಿತಮ್ಮ. ಹೆಸರು ಕೆತ್ತಿಕೊಂಡಿದ್ದಾರೆ. ಎಡಗಡೆ ಯಾರ ಉಳಿ, ಬಲಗಡೆ ಯಾರ ಉಳಿ ಎಂಬುದೂ ನಮಗೆ ಗೊತ್ತು. ಭಂಡಾರಿ ಕಟ್ಟಿಸಿದ ಬಸದಿ ಇದೆ, ಅವನು ಕಾಯುತ್ತಿದ್ದ ಭಂಡಾರ ಇಲ್ಲ. ದಂಡನಾಯಕನ ಗುಡಿ ಇದೆ, ಅವನ ಮನೆಯಿಲ್ಲ. ಅರಮನೆಯ ತೊಲೆ ಕೆತ್ತಿದ ಬಡಗಿಯ ಹೆಸರು ಒಂದೂ ಇಲ್ಲ.

ಇನ್ನೊಬ್ಬನನ್ನು ಬಿಡುವ ಹಾಗಿಲ್ಲ. ಹೊಯ್ಸಳೇಶ್ವರದ ಆವರಣದಲ್ಲಿ ಒಂದು ಕಂಬವಿದೆ, ಕುವರ ಲಕ್ಷ್ಮನದು. ಅವನು ಇಮ್ಮಡಿ ಬಲ್ಲಾಳನ ಗರುಡ, ಅಂದರೆ ದೊರೆಯ ಜೊತೆ ಬದುಕಿ ದೊರೆಯ ಜೊತೆ ಸಾಯುತ್ತೇನೆಂದು ಭಾಷೆ ಕೊಟ್ಟವನು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಅವನೂ ಅವನ ಹೆಂಡತಿಯೂ ಪರಿವಾರದವರೂ ಪ್ರಾಣ ಕೊಟ್ಟರು. ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುವ ವೀರರು ಆ ಕಂಬದ ಮೇಲಿದ್ದಾರೆ. ಅರಮನೆಯೊಳಗಿನ ಬದುಕು ಎಂದರೆ ವೀಣೆ, ತಾಂಬೂಲ, ನಾಟ್ಯ ಮಾತ್ರ ಎಂದುಕೊಂಡವರು ಆ ಕಂಬದ ಮುಂದೆ ಐದು ನಿಮಿಷ ನಿಲ್ಲಬೇಕು.

ಹಾಗಾದರೆ ಅರಮನೆ ಏನಾಯಿತು? ಮಲ್ಲಿಕಾಫರ್ ಬಂದ, ಸುಟ್ಟ, ಹೋಯಿತು. ಶಾಲೆಯಲ್ಲಿ ನಾನೂ ಹೀಗೇ ಹೇಳಿ ಮುಗಿಸುತ್ತಿದ್ದೆ. ನಡೆದದ್ದು ಅಷ್ಟು ಸಲೀಸಲ್ಲ. 1311ರಲ್ಲಿ ದೆಹಲಿಯ ಸೈನ್ಯ ದೋರಸಮುದ್ರಕ್ಕೆ ಬಂದಾಗ ಮುಮ್ಮಡಿ ಬಲ್ಲಾಳ ತಮಿಳುನಾಡಿನ ಕಡೆ ಪಾಂಡ್ಯರ ಜಗಳದಲ್ಲಿ ಕೈ ಹಾಕಿಕೊಂಡಿದ್ದ. ಓಡಿ ಬಂದು, ಲೆಕ್ಕ ಹಾಕಿ, ಸಂಧಿ ಮಾಡಿಕೊಂಡ. ಆನೆ, ಕುದುರೆ, ಭಂಡಾರ ಕೊಟ್ಟ. ಆಮೇಲೂ ಆಳಿದ. 1327ರ ಸುಮಾರಿಗೆ ತುಘಲಕನ ಸೈನ್ಯ ಮತ್ತೆ ಬಂತು. ಅಲ್ಲಿಂದ ಮುಂದೆ ಬಲ್ಲಾಳನ ಬೀಡು ತಿರುವಣ್ಣಾಮಲೆಗೆ ಜಾರಿತು. ಅವನ ತಾತ ಸೋಮೇಶ್ವರನೂ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲೇ ಹೆಚ್ಚು ಕಾಲ ಇದ್ದವನು. ವಿಷ್ಣುವರ್ಧನನ ಕಾಲದ ಒಂದು ಸಂಗತಿ ಕೇಳಿ. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ದೊರೆಯನ್ನು ಹುಡುಕಿಕೊಂಡು ಹೋದದ್ದು ಬಂಕಾಪುರಕ್ಕೆ. ಅಲ್ಲಿ ದೊರೆಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಗಂಡುಮಗುವೂ ಆಗಿತ್ತು. ಖುಷಿಯಲ್ಲಿ ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ರಾಜಧಾನಿಯಲ್ಲಿ ಪ್ರತಿಷ್ಠೆ, ದೊರೆ ಇರುವುದು ಧಾರವಾಡದ ದಾರಿಯಲ್ಲಿ! ಬೀಡು ಎಂಬ ಮಾತಿನ ಒಳಗೇ ಎದ್ದು ಹೊರಡುವ ಅರ್ಥವಿದೆ. ದೊರೆ ಎದ್ದು ಹೋದ ಮೇಲೆ ಮರದ ಮನೆ ಎಷ್ಟು ಮಳೆಗಾಲ ತಡೆದೀತು? ಹೆಂಚು ಸರಿಯುತ್ತದೆ, ಜಂತೆಗೆ ಗೆದ್ದಲು ಹತ್ತುತ್ತದೆ, ಒಳ್ಳೆಯ ತೊಲೆಗಳನ್ನು ಯಾರೋ ಗಾಡಿಗೆ ಹೇರಿಕೊಂಡು ಹೋಗುತ್ತಾರೆ. ಬೆಂಕಿಗಿಂತ ಅದೇ ಹೆಚ್ಚು ಅರಮನೆಗಳನ್ನು ತಿಂದಿದೆ ಎಂಬುದು ನನ್ನ ಅಂದಾಜು.

ಹಂಪಿಯಲ್ಲಿ ಇದು ಇನ್ನೂ ಸ್ಪಷ್ಟ. ಅರಮನೆಯ ಆವರಣದಲ್ಲಿ ನೂರು ಕಂಬದ ಸಭಾಮಂಟಪ ಎಂದು ತೋರಿಸುತ್ತಾರೆ. ಕಂಬ ಒಂದೂ ಇಲ್ಲ. ಕಂಬ ನಿಂತಿದ್ದ ಬುಡಗಲ್ಲುಗಳ ಸಾಲಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅರಮನೆಯಲ್ಲಿ ಗೋಡೆಯಿಂದ ತೊಲೆಯವರೆಗೆ ದಂತದ ಕೆಲಸದ ಒಂದು ಕೋಣೆ ನೋಡಿದ್ದಾಗಿ ಬರೆದಿದ್ದಾನೆ. ಅವನು ಬರೆದಿಡದಿದ್ದರೆ ಆ ಕೋಣೆಯ ಸುದ್ದಿಯೂ ನಮಗೆ ಸಿಗುತ್ತಿರಲಿಲ್ಲ.

ಕಲ್ಲಿನಲ್ಲಿ ಕಟ್ಟಲು ಕೈಲಾಗದೆ ಮರ ಹಿಡಿದರು ಎಂದು ಯಾರೂ ಹೇಳಲಾರರು. ಹೊಯ್ಸಳೇಶ್ವರ ಕಟ್ಟಿದವರಿಗೆ ನಾಲ್ಕು ಕೋಣೆ ಕಟ್ಟುವುದು ಯಾವ ಲೆಕ್ಕ? ಮರ ಮನುಷ್ಯರಿಗೆ ಹಿತ, ಬೇಗ ಏಳುತ್ತದೆ, ಬೇಕೆಂದ ಕಡೆ ಒಂದು ಅಂಕಣ ಸೇರಿಸಬಹುದು. ಅದು ಒಂದು ಕಾರಣ. ಇನ್ನೊಂದನ್ನು ಶಾಸನಗಳೇ ಹೇಳುತ್ತವೆ. ದೇವರಿಗೆ ಭೂಮಿ ಬಿಡುವಾಗ ‘ಅಂಗಭೋಗ ರಂಗಭೋಗಕ್ಕೆ’ ಎಂದು ಬರೆಯುತ್ತಾರೆ. ದೇವರನ್ನು ಎಬ್ಬಿಸುವುದು, ಸ್ನಾನ, ಗಂಧ, ಊಟ, ತಾಂಬೂಲ, ಮುಂದೆ ಹಾಡು ಕುಣಿತ, ಸಂಜೆ ಮೆರವಣಿಗೆ, ರಾತ್ರಿ ಶಯನ. ಅದೇ ಕಾಲದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳ ಪಟ್ಟಿಯಿದೆ. ಮನೆ, ಸ್ನಾನ, ಲೇಪನ, ತಾಂಬೂಲ, ಊಟ, ಆಸನ, ಹಾಸಿಗೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ದಿನಚರಿ. ದೇವಾಲಯ ಎಂದರೆ ಸಾಯದ ದೊರೆಯ ಅರಮನೆ, ಆದ್ದರಿಂದ ಕಲ್ಲು. ಸಾಯುವ ದೊರೆಗೆ ಮರ ಸಾಕು. ಬೇಲೂರಿನ ನವರಂಗದ ದುಂಡು ಜಗಲಿಯ ಅಂಚಿನಲ್ಲಿ ಕೂತರೆ ನೀವು ಹೊಯ್ಸಳರ ಅರಮನೆಯ ನಡುಮನೆಯಲ್ಲಿ ಕೂತ ಹಾಗೆಯೇ ಎಂದು ನಾನು ಈಗ ಮಕ್ಕಳಿಗೆ ಹೇಳುತ್ತೇನೆ.

ಇಷ್ಟು ಹೇಳಿ ‘ಮರ ಹೋಯಿತು, ಪಾಪ’ ಎಂದು ನಿಲ್ಲಿಸಬಹುದಿತ್ತು. ಕೊರಿಯ ಬಿಡುವುದಿಲ್ಲ. ಅವರದೂ ಮರವೇ, ಅವರದೂ ಹೋಯಿತು, ಒಂದಲ್ಲ ಹಲವು ಸಲ. 1592ರಲ್ಲಿ ಜಪಾನಿನ ದಂಡು ಬಂದಾಗ ಗ್ಯೊಂಗ್‌ಬೊಕ್ ಪೂರ್ತಿ ಸುಟ್ಟಿತು. ಕಡ್ಡಿ ಗೀರಿದವರು ಜಪಾನಿನವರೋ, ಅರಸ ಓಡಿಹೋದದ್ದಕ್ಕೆ ಸಿಟ್ಟಾದ ಸ್ವಂತ ಪ್ರಜೆಗಳೋ ಎಂಬ ವಾದ ಇನ್ನೂ ಇದೆ. ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಆ ಜಾಗ ನಮ್ಮ ಬೆಣ್ಣೆಗುಡ್ಡದ ಪಕ್ಕದ ಹೊಲದ ಹಾಗೆ ಬರಿದಾಗಿ ಬಿದ್ದಿತ್ತು. 1865ರಲ್ಲಿ ಬಾಲಕ ದೊರೆಯ ತಂದೆ ದೇವೊನ್‌ಗುನ್ ಹಟ ಹಿಡಿದು ಮತ್ತೆ ಕಟ್ಟಲು ಶುರುಮಾಡಿದ. ಎರಡು ಮೂರು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಕಟ್ಟಡ ಎದ್ದವು. ‘ಸ್ವಇಚ್ಛೆಯ ಕಾಣಿಕೆ’ ಎಂದು ಜನರಿಂದ ವಸೂಲಿ ಮಾಡಿದ, ಒಂದಕ್ಕೆ ನೂರು ಬೆಲೆಯ ನಾಣ್ಯ ಅಚ್ಚು ಹಾಕಿಸಿ ಪೇಟೆಯ ಧಾರಣೆಯನ್ನೇ ಕೆಡಿಸಿದ. ಅರಮನೆಯನ್ನು ಹೊಗಳುವಾಗ ಅದರ ಬಿಲ್ಲು ಕಟ್ಟಿದವರನ್ನೂ ನೆನೆಯಬೇಕು. 1895ರಲ್ಲಿ ಅದೇ ಅರಮನೆಯೊಳಗೆ ಜಪಾನೀಯರು ರಾಣಿಯನ್ನು ಕೊಂದರು. 1910ರಲ್ಲಿ ದೇಶವನ್ನೇ ನುಂಗಿದರು. ಕಟ್ಟಡಗಳನ್ನು ಕಿತ್ತು ಮಾರಿ, ಸಿಂಹಾಸನದ ಚಾವಡಿ ಹೊರಗಿನವರ ಕಣ್ಣಿಗೇ ಬೀಳದ ಹಾಗೆ ಅದರ ಮುಂದೆ ತಮ್ಮ ಸರ್ಕಾರದ ದೊಡ್ಡ ಕಲ್ಲಿನ ಕಚೇರಿ ಕಟ್ಟಿ 1926ರಲ್ಲಿ ಮುಗಿಸಿದರು. ಕೊರಿಯದವರು ಅದನ್ನು ಕೆಡವಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ನಮ್ಮ ಹಾಗೆ ಅವರಿಗೂ ಬಿಡುಗಡೆಯ ದಿನ ಅದೇ.

ಆಮೇಲೆ ಅವರು ಮಾಡಿದ ಕೆಲಸ ನೋಡಿ. ಹೆಬ್ಬಾಗಿಲನ್ನು 1968ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದರು. ಅದನ್ನು ತೆಗೆದು ಮರದಲ್ಲಿ ಕಟ್ಟಿ 2010ರಲ್ಲಿ ತೆರೆದರು. ಬಾಗಿಲ ಮೇಲಿನ ಹೆಸರಿನ ಹಲಗೆ ಬಿಳಿ, ಅಕ್ಷರ ಕಪ್ಪು. ಕೆಲವೇ ತಿಂಗಳಲ್ಲಿ ಹಲಗೆ ಬಿರುಕು ಬಿಟ್ಟಿತು. ಹೊಸದು ಮಾಡುವಷ್ಟರಲ್ಲಿ ಬಣ್ಣದ ಬಗ್ಗೆಯೇ ಅನುಮಾನ ಎದ್ದಿತು. 1860ರ ದಶಕದ ಕಟ್ಟಡ ಕೆಲಸದ ದಿನಚರಿ ಪುಸ್ತಕ ಜಪಾನಿನ ವಸೇದಾ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಅದರಲ್ಲಿ ಹಲಗೆ ಕಪ್ಪು, ಅಕ್ಷರ ಚಿನ್ನದ ಬಣ್ಣ ಎಂದು ಬರೆದಿತ್ತು. 2023ರ ಅಕ್ಟೋಬರಿನಲ್ಲಿ ಹಲಗೆ ಬದಲಾಯಿತು. ಒಂದು ಬೋರ್ಡಿನ ಬಣ್ಣಕ್ಕೆ ಹದಿಮೂರು ವರ್ಷದ ಚರ್ಚೆ! ಮೊದಲು ನನಗೂ ನಗು ಬಂತು.

ಮಗಳಿರುವ ಸುವಾನ್‌ನಲ್ಲಿ ಹ್ವಾಸೊಂಗ್ ಎಂಬ ಕೋಟೆಯಿದೆ, 1794ರಿಂದ 1796ರವರೆಗೆ ಕಟ್ಟಿದ್ದು. ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆಗೆ ವಯಸ್ಸಿನಲ್ಲಿ ತಮ್ಮ. ಅದರ ಕೆಲಸದ ವರದಿಯನ್ನು 1801ರಲ್ಲಿ ಅಚ್ಚು ಹಾಕಿಸಿದರು. ಇಂಥ ದಾಖಲೆಗಳಿಗೆ ಉಯಿಗ್ವೆ ಎನ್ನುತ್ತಾರೆ. ಕಟ್ಟಡದ ಚಿತ್ರ, ಅಳತೆ, ಇಟ್ಟಿಗೆ, ಮೊಳೆ, ಸುಣ್ಣ. ಕಲ್ಲುಕುಟಿಗ ಯಾರು, ಬಡಗಿ ಯಾರು, ಯಾವ ಊರು, ಎಷ್ಟು ದಿನ ದುಡಿದ, ಕೂಲಿ ಎಷ್ಟು ಎಲ್ಲವೂ ಅದರಲ್ಲಿದೆ. 1950ರ ಯುದ್ಧದಲ್ಲಿ ಕೋಟೆ ಜಖಂ ಆಯಿತು. 1970ರ ದಶಕದಲ್ಲಿ ಆ ಪುಸ್ತಕ ತೆರೆದಿಟ್ಟುಕೊಂಡು ದುರಸ್ತಿ ಮಾಡಿದರು. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಲೂರು, ಹಳೇಬೀಡು, ಸೋಮನಾಥಪುರ ಆ ಪಟ್ಟಿಗೆ ಬಂದದ್ದು 2023ರಲ್ಲಿ.

‘ನಮ್ಮವರಿಗೆ ಬರೆದಿಡುವ ಅಭ್ಯಾಸವೇ ಇರಲಿಲ್ಲ’ ಎಂದು ಇಲ್ಲಿ ಯಾರಾದರೂ ಗೊಣಗಿದರೆ ನಾನು ಒಪ್ಪುವುದಿಲ್ಲ. 1902ರಲ್ಲಿ ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು ಸೇರಿಸಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟ ತಂದರು. ಎತ್ತಿ ನೋಡಿ, ಕೈ ಸೋಲುತ್ತದೆ. ಗದ್ದೆ ಎಷ್ಟು, ಬೆದ್ದಲು ಎಷ್ಟು, ಯಾವ ಗಾಣದ ಎಣ್ಣೆ ನಂದಾದೀಪಕ್ಕೆ, ಎಲ್ಲೆ ಯಾವ ಹುಣಿಸೆಮರದಿಂದ ಯಾವ ಬಂಡೆಗೆ, ಬಂಡೆಯಿಂದ ಯಾವ ಕೆರೆಯ ಕೋಡಿಗೆ ಎಂದು ಕೂದಲೆಳೆ ಬಿಡದೆ ಬರೆದವರು ನಮ್ಮವರು. ಶಾಸನ ಎಂದರೆ ಮೂಲತಃ ಪಹಣಿ. ಮುಂದೆ ಯಾರಾದರೂ ತಕರಾರು ತೆಗೆದಾರು ಎಂಬ ಕಡೆ ಬರೆದರು. ಗುಡಿಯ ಗದ್ದೆಗೆ ತಕರಾರು ಬರುತ್ತದೆ. ದೊರೆಯ ಮನೆಗೆ ಖಾತೆ ಕೇಳುವವರು ಯಾರು? ಕೇಳುವವರಿಲ್ಲದ್ದನ್ನು ಬರೆಯಲಿಲ್ಲ. ದೋರಸಮುದ್ರದ ಅರಮನೆ ನಮ್ಮ ಕೈತಪ್ಪಿದ್ದು ಹೀಗೆ ಎಂದು ನನಗೆ ಅನ್ನಿಸುತ್ತದೆ. ಮರ ಎಲ್ಲ ಕಡೆಯೂ ಸುಡುತ್ತದೆ. ಲೆಕ್ಕ ಇದ್ದ ಕಡೆ ಮತ್ತೆ ಏಳುತ್ತದೆ.

ಮೈಸೂರನ್ನು ನೆನೆಯದೆ ಮುಂದೆ ಹೋಗಬಾರದು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ ಅದೇ ವರ್ಷ ಹೊಸದಕ್ಕೆ ಕೈ ಹಾಕಿಸಿದರು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ. ಹಳೆಯ ಅರಮನೆಯ ಅಂಗಳದ ಕ್ರಮವನ್ನು ಬಹುಮಟ್ಟಿಗೆ ಇಟ್ಟುಕೊಂಡು, ಮರದ ಜಾಗಕ್ಕೆ ಕಲ್ಲನ್ನೂ ಗ್ಲಾಸ್ಗೊದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳನ್ನೂ ತಂದ. 1912ರಲ್ಲಿ ಮುಗಿಯಿತು. ಖರ್ಚು 41,47,913 ರೂಪಾಯಿ, ಕೊನೆಯ ಮೂರು ರೂಪಾಯಿಯವರೆಗೂ ನಮಗೆ ಗೊತ್ತು. ಆ ಹೊತ್ತಿಗೆ ನಮ್ಮ ಅರಮನೆಯೂ ಲೆಕ್ಕ ಇಡುವುದನ್ನು ಕಲಿತಿತ್ತು.

ಒಳ್ಳೆಯ ತೊಲೆಗಳನ್ನು ಯಾರೋ ಹೇರಿಕೊಂಡು ಹೋಗುತ್ತಾರೆ ಎಂದೆನಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಲಾಲ್ ಮಹಲ್ ಅರಮನೆಯನ್ನು ಇಂಗ್ಲಿಷರು ಕಿತ್ತರು. ಅದರ ತೊಲೆಗಳು ಘಾಟಿ ಹತ್ತಿ ಊಟಿಯ ಸೇಂಟ್ ಸ್ಟೀಫನ್ ಚರ್ಚಿನ ಮಾಡಿಗೆ ಹೋದವು, 1830ರ ಸುಮಾರಿಗೆ. ಸೋಲ್‌ನಲ್ಲಿ 1917ರಲ್ಲಿ ಇನ್ನೊಂದು ಅರಮನೆ ಚಾಂಗ್‌ಡೊಕ್‌ಗುಂಗ್‌ಗೆ ಬೆಂಕಿ ಬಿದ್ದಾಗ, ಗ್ಯೊಂಗ್‌ಬೊಕ್‌ನ ಅರಸನ ಮಲಗುವ ಮನೆಯನ್ನೇ ಬಿಚ್ಚಿ, ಆ ಮರದಲ್ಲಿ ಅಲ್ಲಿ ಹೊಸ ಕಟ್ಟಡ ಎಬ್ಬಿಸಿದರು. ನಾನು ನೋಡಿದ ಗಾಂಗ್‌ನ್ಯೊಂಗ್‌ಜೊನ್ 1995ರದು, ಹಳೆಯ ಮರ ಬೇರೆ ಕಡೆ ಇದೆ. ಹೊಳೆನರಸೀಪುರದ ಕಡೆ ನಮ್ಮ ತಾತನ ಹದಿನಾರು ಕಂಬದ ತೊಟ್ಟಿಮನೆಯೂ ಹಾಗೇ ಹೋಯಿತು. ಪಾಲಾದ ಮೇಲೆ ಯಾರಿಗೂ ಬೇಡವಾಯಿತು, ಮಳೆಗೆ ಒಂದು ಮೂಲೆ ಕುಸಿಯಿತು, ಹಳೆ ಮರದ ವ್ಯಾಪಾರಿ ಬಂದು ಲಾರಿಗೆ ಹೇರಿಕೊಂಡ. ಕೆಲವು ವರ್ಷದ ಮೇಲೆ ಒಂದು ಮದುವೆಗೆಂದು ಯಾವುದೋ ರೆಸಾರ್ಟಿಗೆ ಹೋಗಿದ್ದೆ. ಬಾಗಿಲಲ್ಲಿ ನಾಲ್ಕು ಕಂಬ. ಒಂದರ ಬೋದಿಗೆಯಲ್ಲಿ ಗಿಳಿಯ ಕೊಕ್ಕು ಮುರಿದಿತ್ತು. ನಮ್ಮ ಮನೆಯ ಗಿಳಿಗೂ ಕೊಕ್ಕು ಇರಲಿಲ್ಲ. ಚೆಂಡಾಟದಲ್ಲಿ ಮುರಿದವನು ನಾನೇ. ಅದೇ ಕಂಬ ಎಂದು ಪ್ರಮಾಣ ಮಾಡಿ ಹೇಳಲಾರೆ. ಹೇಳಲು ನನ್ನ ಹತ್ತಿರ ಒಂದು ಅಳತೆಯಿಲ್ಲ, ಒಂದು ಫೋಟೊ ಇಲ್ಲ, ಕೆತ್ತಿದ ಆಚಾರಿಯ ಹೆಸರೂ ಇಲ್ಲ. ಬೋರ್ಡಿನ ಬಣ್ಣಕ್ಕೆ ಹದಿಮೂರು ವರ್ಷ ಕಳೆದವರ ಬಗ್ಗೆ ನನ್ನ ನಗು ಆವತ್ತು ನಿಂತಿತು.

ಹೊಯ್ಸಳರ ಅರಮನೆಯನ್ನು ಮತ್ತೆ ಕಟ್ಟಿ ಎಂದು ನಾನು ಕೇಳುವುದಿಲ್ಲ, ಯಾರಾದರೂ ಕಟ್ಟಲು ಹೊರಟರೆ ವಿರೋಧಿಸುತ್ತೇನೆ. ಲೆಕ್ಕವಿಲ್ಲದೆ ಕಟ್ಟಿದ್ದು ಸಿನಿಮಾ ಸೆಟ್ಟು. ಬೆಣ್ಣೆಗುಡ್ಡದ ಕಡೆಯ ಆ ನೆಲಕ್ಕೆ ಲೇಔಟು ಬರದಿರಲಿ, ಜೆಸಿಬಿ ಇಳಿಯದಿರಲಿ. ನೆಲದೊಳಗೆ ಬುಡಗಲ್ಲುಗಳು ಇದ್ದ ಜಾಗದಲ್ಲೇ ಇರಲಿ. ಬಗೆಯುವ ಕಾಲಕ್ಕೆ ಬಗೆಯುವವರು ಬರುತ್ತಾರೆ.

ದತ್ತಿ ಉಪನ್ಯಾಸಕನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುವುದು ರೂಢಿ. ಹಣ್ಣು ಸ್ವೀಕರಿಸಿದ್ದೇನೆ. ಶಾಲಿನ ಬದಲು ಇನ್ನೊಂದು ಬೇಡುತ್ತೇನೆ. ಈ ಹೋಬಳಿಯಲ್ಲಿ ಇನ್ನೂ ನಿಂತಿರುವ ತೊಟ್ಟಿಮನೆಗಳಿವೆ, ಇಲ್ಲಿಗೆ ಬರುವ ದಾರಿಯಲ್ಲೇ ಮೂರು ಕಂಡೆ. ಅವನ್ನು ಕೆಡವಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ನಮ್ಮದನ್ನೇ ಉಳಿಸಿಕೊಳ್ಳಲಿಲ್ಲ. ಕೆಡವುವ ಮುಂಚೆ ಒಂದು ಭಾನುವಾರ ಮಕ್ಕಳ ಕೈಗೆ ಟೇಪು, ನೋಟ್‌ಬುಕ್ಕು ಕೊಡಿ. ಕಂಬ ಎಷ್ಟು, ಅಂಕಣ ಎಷ್ಟು, ತೊಲೆ ಯಾವ ಮರ, ತೊಟ್ಟಿಯ ಉದ್ದಗಲ ಎಷ್ಟು, ಬಾಗಿಲವಾಡ ಕೆತ್ತಿದ ಆಚಾರಿಯ ಹೆಸರೇನು, ಅವರ ಮನೆಯವರು ಈಗ ಎಲ್ಲಿದ್ದಾರೆ ಎಂದು ಅಜ್ಜಿಯನ್ನು ಕೇಳಿ ಬರೆಸಿ. ಬರೆದದ್ದರ ಒಂದು ಪ್ರತಿ ಇಲ್ಲಿಯ ಶಾಲೆಯ ಬೀರುವಿನಲ್ಲಿರಲಿ. ಮುಂದಿನ ವರ್ಷದ ಈ ದತ್ತಿಯ ದಿನ ಆ ನೋಟ್‌ಬುಕ್ಕುಗಳನ್ನು ಓದಲು ನಾನೇ ಬಸ್ ಚಾರ್ಜು ಹಾಕಿಕೊಂಡು ಬರುತ್ತೇನೆ.